ಕಿನ್ನೌರ್‌ನ ಒಣ ದೇವದಾರು, ಚಿಲ್ಗೋಜಾ ಕಾಡು: ಮರದ ದಾಸ್ತಾನು, ಬೆಳವಣಿಗೆ ಲೆಕ್ಕ ಸರಿಯಿದೆಯಾ ನೋಡಿಕೊಡಿ

ಕಾನ್ಮನೆ:

ಎಲ್ಲರಿಗೂ ನಮಸ್ಕಾರ. ಹಿಮಾಚಲದ ಕಿನ್ನೌರ್ ಜಿಲ್ಲೆ, ಸಟ್ಲೆಜ್ ಕಣಿವೆಯ ಒಣ ಸೂಚಿಪರ್ಣಿ ಕಾಡಿನ ಅಳತೆ. ದೇವದಾರು, ಚಿಲ್ಗೋಜಾ (ತಿನ್ನುವ ಬೀಜದ ಪೈನ್), ಅಲ್ಲಲ್ಲಿ ಕೈಲ್ (ಇನ್ನೊಂದು ಪೈನ್). ಇಲ್ಲಿರುವ ಅರಣ್ಯಶಾಸ್ತ್ರದವರು ಒಂದು ತಾಕಿನ (ಅಳತೆಗೆ ಗುರುತಿಸಿದ ತುಂಡು ಜಾಗ) ಹಾಳೆ ತಪಾಸಣೆ ಮಾಡಿಕೊಡಬೇಕು. ಉಳಿದ ತಾಕುಗಳಿಗೂ ಇದೇ ಕ್ರಮ.

ತಾಕು 4. ಮುಖ ವಾಯವ್ಯ. ಇಳಿಜಾರು 35. ವೃತ್ತಾಕಾರ, 0.1 ಹೆಕ್ಟೇರ್. ಸಮತಟ್ಟಿಗೆ ತ್ರಿಜ್ಯ 17.84 ಮೀ., ಇಳಿಜಾರಿಗೆ ಸರಿಮಾಡಿ ನೆಲದ ಮೇಲೆ ಸುತ್ತಲೂ 19.71 ಮೀ. ಹಿಡಿದದ್ದು. ವ್ಯಾಸ 10 ಸೆಂ.ಮೀ. ದಾಟಿದ ಮರ 31, ಅಂದರೆ ಹೆಕ್ಟೇರಿಗೆ 310.

ಮರ 7, ದೇವದಾರು. ಡಿಬಿಎಚ್ (ಎದೆಮಟ್ಟ, 1.37 ಮೀ. ಎತ್ತರದಲ್ಲಿನ ವ್ಯಾಸ) 38.0 ಸೆಂ.ಮೀ., ತೊಗಟೆ ದಪ್ಪ 1.8 ಸೆಂ.ಮೀ. ಬುಡದ ಮಟ್ಟದಲ್ಲೇ ಅಡ್ಡಕ್ಕೆ 20 ಮೀ. ದೂರ ನಿಂತು ಕ್ಲಿನೋಮೀಟರ್‌ನಲ್ಲಿ (ಓರೆ ಅಳೆಯುವ ಉಪಕರಣ) ತುದಿ +62, ಬುಡ −8, ಎತ್ತರ 14.0 ಮೀ. ಕೋರ್ (ಬೈರಿಗೆಯಿಂದ ಕೊರೆದು ತೆಗೆದ ಮರದ ಸಣ್ಣ ಕಡ್ಡಿ) ಒಂದು, ಗುಡ್ಡದ ಮೇಲ್ಮಗ್ಗುಲಿಂದ. ಕೊನೆಯ 10 ಉಂಗುರ ಸೇರಿ 6.5 ಮಿ.ಮೀ.

ಪ್ರಶ್ನೆಗಳು: 10 ವರ್ಷಕ್ಕೆ ವ್ಯಾಸ 1.3 ಸೆಂ.ಮೀ. ಹೆಚ್ಚಾಗಿದೆ ಎನ್ನಬಹುದಾ? ಘನ ಅಳತೆಗೆ ವ್ಯಾಸ ಮಾತ್ರ ಕೇಳುವ ದೇವದಾರು ಸಮೀಕರಣ ಸಾಕಾ? ಬುಡದಲ್ಲೇ ಕವಲೊಡೆದ ಚಿಲ್ಗೋಜಾ ಒಂದೋ ಎರಡೋ?

ಸರ್ವೇಸರಪಳಿ:

ಮೊದಲು ತ್ರಿಜ್ಯ. 35 ಡಿಗ್ರಿಗೆ ಕಾಸ್ 0.819, ಅದರ ವರ್ಗಮೂಲ 0.905. 17.84 ÷ 0.905 = 19.71. ಸರಿಯಾಗಿದೆ. ಇಳಿಜಾರಿನ ಮೇಲೆ ಎಳೆದ ವೃತ್ತ ನಕ್ಷೆಯಲ್ಲಿ ಮೊಟ್ಟೆಯಾಕಾರಕ್ಕೆ ಕುಗ್ಗುತ್ತೆ. ಕುಗ್ಗೋದು ಮೇಲೆ ಕೆಳಗಿನ ದಿಕ್ಕಲ್ಲಿ ಮಾತ್ರ, ಅಡ್ಡಕ್ಕೆ ಹಾಗೇ ಇರುತ್ತೆ. ಅದಕ್ಕೇ ಕಾಸ್‌ನಿಂದಲ್ಲ, ಅದರ ವರ್ಗಮೂಲದಿಂದ ಭಾಗಿಸೋದು. ಸುತ್ತ ಒಂದೇ ಹಗ್ಗ ತಿರುಗಿಸಬಹುದು ಅನ್ನೋದೇ ಇದರ ಅನುಕೂಲ.

ಸರಿಮಾಡದೆ 17.84 ಮೀ. ಹಗ್ಗವನ್ನೇ ನೆಲಕ್ಕೆ ಹಾಸಿದರೆ 35 ಡಿಗ್ರಿಯಲ್ಲಿ ತಾಕು 0.082 ಹೆಕ್ಟೇರ್ ಆಗುತ್ತೆ, ದಾಸ್ತಾನು ಶೇ. 18 ಕಡಿಮೆ ಬರುತ್ತೆ. ತೇಗದ ನೆಡುತೋಪಿನಲ್ಲಿ ಕೈ ಪಳಗಿಸಿಕೊಂಡವರು ಬೆಟ್ಟಕ್ಕೆ ಹೋದಾಗ ಮಾಡೋ ಮೊದಲ ತಪ್ಪು ಇದೇ.

ಡಿಬಿಎಚ್ ಯಾವ ಮಗ್ಗುಲಿಂದ ತೆಗೆದದ್ದು ಅಂತ ಬರೆದಿಲ್ಲ. 1.37 ಮೀ. ಎಣಿಸಬೇಕಾದ್ದು ಗುಡ್ಡದ ಮೇಲಿನ ಮಗ್ಗುಲಿಂದ. ಅಲ್ಲಿ ಸೂಜಿಎಲೆ, ಜಾರಿಬಂದ ಪುಡಿಕಲ್ಲು ಅರ್ಧ ಅಡಿ ಕೂತಿರುತ್ತೆ, ಕೋಲನ್ನು ಗಟ್ಟಿ ಮಣ್ಣು ತಾಕುವವರೆಗೆ ಒತ್ತಿ ಆಮೇಲೆ ಗುರುತು ಹಾಕಿ. ಕೆಳಮಗ್ಗುಲಿಂದ ಅಳೆದರೆ ಟೇಪು ಬುಡದ ಉಬ್ಬಿನ ಮೇಲೆ ಕೂರುತ್ತೆ. ಟೇಪು ಕಾಂಡಕ್ಕೆ ಲಂಬವಾಗಿರಲಿ, ನೆಲಕ್ಕೆ ಸಮನಾಗಿ ಅಲ್ಲ.

ಇನ್ನೊಂದು: ಗುರುತು ಹಾಕಿದ ತಾಕು ಬಂಡೆಯ ಮೇಲೆ ಬಿದ್ದರೆ ಪಕ್ಕದ ಒಳ್ಳೆ ಮರಗಳ ಕಡೆ ಸರಿಸಬೇಡಿ. ಮರ ಇಲ್ಲದಿದ್ದರೆ ಸೊನ್ನೆ ಬರೆಯಿರಿ. ಹತ್ತಲಾಗದ ಜಾಗವಾದರೆ "ತಲುಪಲಾಗದ್ದು" ಅಂತ ಬೇರೆ ವರ್ಗ ಮಾಡಿ. ಸರಿಸಿದ ಪ್ರತಿ ತಾಕೂ ಕಾಡನ್ನು ಇರೋದಕ್ಕಿಂತ ದಟ್ಟ ಮಾಡಿ ತೋರಿಸುತ್ತೆ.

ಉಂಗುರಲೆಕ್ಕ:

1.3 ತಪ್ಪು. ಕೋರ್‌ನಲ್ಲಿ ಸಿಗೋದು ಮರದ ಉಂಗುರ, ತೊಗಟೆ ಅಲ್ಲ. ನಿಮ್ಮ 38.0 ತೊಗಟೆ ಸೇರಿದ ಅಳತೆ. ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಬಾರದು.

ತೊಗಟೆ ಕಳೆದು: 38.0 − 3.6 = 34.4. ಹತ್ತು ವರ್ಷದ ಹಿಂದೆ: 34.4 − 1.3 = 33.1. ತೊಗಟೆಯ ಅನುಪಾತ 38.0 ÷ 34.4 = 1.105. ಅದು ಆಗಲೂ ಇಷ್ಟೇ ಇತ್ತು ಅಂತಿಟ್ಟುಕೊಂಡರೆ ಆಗಿನ ಡಿಬಿಎಚ್ 36.56. ಅಂದರೆ ಹತ್ತು ವರ್ಷಕ್ಕೆ 1.44 ಸೆಂ.ಮೀ., ವರ್ಷಕ್ಕೆ 1.44 ಮಿ.ಮೀ.

ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ, ಅಂದರೆ ಬೇಸಲ್ ಏರಿಯಾ, 10 ವರ್ಷದಲ್ಲಿ 0.0084 ಚ.ಮೀ. ಏರಿದೆ. ಪ್ರೆಸ್ಲರ್ ಸೂತ್ರಕ್ಕೆ ಹಾಕಿದರೆ (ವ್ಯತ್ಯಾಸ ÷ ಮೊತ್ತ × 200 ÷ ವರ್ಷ) ವರ್ಷಕ್ಕೆ ಶೇ. 0.77. ಎತ್ತರದ ಬೆಳವಣಿಗೆ ಇದರಲ್ಲಿ ಸೇರಿಲ್ಲ.

ಇದೇ ವೇಗದಲ್ಲಿ 30–40 ಸೆಂ.ಮೀ. ವ್ಯಾಸವರ್ಗದ ಮರ 10 ಸೆಂ.ಮೀ. ವರ್ಗ ಪೂರ್ತಿ ದಾಟೋಕೆ 69 ವರ್ಷ ಬೇಕು. 1.3 ಹಿಡಿದಿದ್ದರೆ 77 ಆಗ್ತಿತ್ತು. ತೊಗಟೆ ಮರೆತದ್ದಕ್ಕೆ ಎಂಟು ವರ್ಷದ ವ್ಯತ್ಯಾಸ.

ದೊಡ್ಡ ತೊಂದರೆ ಬೇರೆ ಇದೆ: ಮೇಲ್ಮಗ್ಗುಲಿಂದ ಒಂದೇ ಕೋರ್. ಇಳಿಜಾರಿನ ಸೂಚಿಪರ್ಣಿ ಮರ ನೆಟ್ಟಗೆ ನಿಲ್ಲೋಕೆ ಕೆಳಮಗ್ಗುಲಲ್ಲಿ ಒತ್ತುಮರ ಬೆಳೆಸುತ್ತೆ. ಆ ಕಡೆ ಉಂಗುರ ಅಗಲ, ಮೇಲ್ಮಗ್ಗುಲಲ್ಲಿ ಸಣ್ಣ, ತಿರುಳು ನಡುವೆ ಇರೋದೇ ಇಲ್ಲ. ಹಾಗಾಗಿ ನಿಮ್ಮ 6.5 ಬಹುಶಃ ಕಡಿಮೆಯೇ. ಕೊರೆಯಬೇಕಾದ್ದು ಅಡ್ಡ ಮಗ್ಗುಲುಗಳಿಂದ, ಎದುರುಬದುರು ಎರಡು ಕೋರ್ ತೆಗೆದು ಸರಾಸರಿ. ಮೇಲ್ಮಗ್ಗುಲಲ್ಲಿ ನಿಂತು ಬೈರಿಗೆ ತಿರುಗಿಸೋದು ಸುಲಭ ಅಂತ ಎಲ್ಲರೂ ಅಲ್ಲೇ ಕೊರೀತಾರೆ.

ಕಾನ್ಮನೆ:

ತುಂಬಾ ಉಪಕಾರ ಸರ್. ಉಂಗುರ ಎಣಿಸಿದ್ದು ಕೈಮಸೂರದಲ್ಲಿ, ಕೋರ್ ಒಣಗಿದ ಮೇಲೆ ಬ್ಲೇಡಿನಲ್ಲಿ ಹೆರೆದು. ಅಷ್ಟು ಸಾಕಾ?

ಉಂಗುರಲೆಕ್ಕ:

ಮಳೆ ಚೆನ್ನಾಗಿರೋ ಕಡೆ ಸಾಕಾಗಬಹುದು. ಇಲ್ಲಿ ಸಾಲದು. ಸಟ್ಲೆಜ್ ಕಣಿವೆಯಲ್ಲಿ ವಾಂಗ್ಟು ಅನ್ನೋ ಊರು ದಾಟಿ ಮೇಲಕ್ಕೆ ಹೋದಂತೆ ಮುಂಗಾರು ಸೊರಗುತ್ತೆ, ಮರ ಬದುಕೋದು ಚಳಿಗಾಲದ ಹಿಮ ಕರಗಿದ ನೀರಿನ ಮೇಲೆ. ಹಿಮ ಕೈಕೊಟ್ಟ ವರ್ಷ ಉಂಗುರ ಎರಡು ಮೂರು ಸಾಲು ಕೋಶಕ್ಕೆ ಇಳಿಯುತ್ತೆ. ಕೆಲವೊಮ್ಮೆ ಕಾಂಡದ ಒಂದು ಪಕ್ಕದಲ್ಲಿ ಮೂಡೋದೇ ಇಲ್ಲ. ಒಂದು ಉಂಗುರ ಕಾಣೆಯಾಗಿದ್ದರೆ ನೀವು "10 ವರ್ಷ" ಅಂತ ಅಳೆದದ್ದು 11 ವರ್ಷದ ಬೆಳವಣಿಗೆ. ಒಂದೇ ವರ್ಷದಲ್ಲಿ ಎರಡು ಗೆರೆ ಹಾಕೋ ಸುಳ್ಳು ಉಂಗುರವೂ ಉಂಟು, ಆಗ ತಪ್ಪು ಉಲ್ಟಾ ದಿಕ್ಕಿಗೆ.

ಕ್ರಮ ಹೀಗೆ. ಕೋರನ್ನು ಕಾಗದದ ನಳಿಕೆಯಲ್ಲಿ ತನ್ನಿ. ಪ್ಲಾಸ್ಟಿಕ್‌ನಲ್ಲಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತೆ. ಉದ್ದಕ್ಕೆ ತೋಡು ಕೊರೆದ ಮರದ ಪಟ್ಟಿಗೆ ಅಂಟಿಸುವಾಗ ನಾರು ನೆಟ್ಟಗೆ ಮೇಲ್ಮುಖವಾಗಿ ನಿಲ್ಲಬೇಕು. ಅಡ್ಡ ಮಲಗಿಸಿದರೆ ಎಷ್ಟು ಉಜ್ಜಿದರೂ ಉಂಗುರದ ಅಂಚು ಕಾಣಲ್ಲ, ಅಂಟು ಒಣಗಿದ ಮೇಲೆ ಬಿಡಿಸೋಕೂ ಆಗಲ್ಲ. ಆಮೇಲೆ ಉಪ್ಪುಕಾಗದ 120, 240, 400, 600 ಹೀಗೆ ಸಾಲಾಗಿ. ಕೋಶಗಳ ಬಾಯಿ ಒಂದೊಂದಾಗಿ ಕಾಣೋವರೆಗೂ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಡಿ.

ನಂತರ ಕ್ರಾಸ್‌ಡೇಟಿಂಗ್. ಒಂದೇ ಗುಡ್ಡದ 15–20 ಮರಗಳಲ್ಲಿ ಒಟ್ಟಿಗೆ ಕಿರಿದಾದ ಉಂಗುರಗಳನ್ನು ಗುರುತು ಮಾಡಿ ಸಾಲು ಹೊಂದಿಸಿ. ಒಂದು ಮರದ ಸಾಲು ಒಂದು ವರ್ಷ ಜಾರಿದ್ದರೆ ಅಲ್ಲೇ ಉಂಗುರ ಕಾಣೆಯಾಗಿದೆ ಅಂತ ಗೊತ್ತಾಗುತ್ತೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯವರು ಕಿನ್ನೌರ್‌ನ ದೇವದಾರು, ಚಿಲ್ಗೋಜಾಗಳಿಂದಲೇ ನೂರಾರು ವರ್ಷದ ಸರಣಿ ಕಟ್ಟಿದ್ದಾರೆ. ಅಲ್ಲಿನ ಕಿರಿ ಉಂಗುರದ ವರ್ಷಗಳಿಗೆ ನಿಮ್ಮದನ್ನು ಹೋಲಿಸಬಹುದು.

ಜೂನ್‌ನಲ್ಲಿ ಕೊರೆದಿದ್ದರೆ ತೊಗಟೆ ಪಕ್ಕದ ಅರೆಬರೆ ಉಂಗುರ ಬಿಟ್ಟು ಎಣಿಸಿ.

ಶೋಲಾ:

ಚಿಲ್ಗೋಜಾ ಬಗ್ಗೆ ನಾನು ಹೇಳ್ತೀನಿ. ಕವಲು 1.37 ಮೀ. ಒಳಗಿದ್ದರೆ ಎರಡು ಮರ, ಪ್ರತಿಯೊಂದಕ್ಕೂ ಬೇರೆ ಡಿಬಿಎಚ್. ಮೇಲಿದ್ದರೆ ಒಂದೇ ಮರ. ಕವಲು ಸರಿಯಾಗಿ 1.37ರಲ್ಲೇ ಇದ್ದು ಅಲ್ಲಿ ಊದಿಕೊಂಡಿದ್ದರೆ ಊತದ ಕೆಳಗೆ ಕಾಂಡ ಸಣ್ಣದಾಗಿರೋ ಕಡೆ ಅಳೆದು, ಆ ಎತ್ತರವನ್ನೂ ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ಬಂದವರು ಅದೇ ಎತ್ತರದಲ್ಲಿ ಅಳೆಯದಿದ್ದರೆ ಮರ "ಸಣ್ಣಗಾಗಿದೆ" ಅಂತ ಬರುತ್ತೆ. ಎರಡೇ ಮರ ಅಂತ ಬರೆದರೂ ಬುಡ ಒಂದೇ ಅನ್ನೋ ಗುರುತು ಇರಲಿ. ಹೆಕ್ಟೇರಿಗೆ ಎಷ್ಟು ಬುಡ, ಎಷ್ಟು ಕಾಂಡ ಅನ್ನೋದು ಬೀಜದ ಇಳುವರಿ ಲೆಕ್ಕಕ್ಕೆ ಬೇರೆ ಬೇರೆ ಉತ್ತರ ಕೊಡುತ್ತೆ.

ಚಿಲ್ಗೋಜಾ ತೊಗಟೆ ಹಪ್ಪಳದ ಹಾಗೆ ಸುಲಿದು ಬರುತ್ತೆ, ಕೆಳಗೆ ಬೂದು ಹಸಿರಿನ ಮಚ್ಚೆ. ಸಡಿಲ ಹಪ್ಪಳಗಳನ್ನು ಅಂಗೈಯಿಂದ ಉಜ್ಜಿ ಬೀಳಿಸಿ ಆಮೇಲೆ ಟೇಪು ಸುತ್ತಿ. ಗಟ್ಟಿಯಾಗಿ ಅಂಟಿದ್ದನ್ನು ಕೀಳಬೇಡಿ. ಹಳೇ ಮರಗಳ ಕಾಂಡ ಹುರಿಗಟ್ಟಿ, ಒಳಸರಿದು ಇರುತ್ತೆ. ಟೇಪು ಆ ಪೊಳ್ಳುಗಳ ಮೇಲೆ ಹಾದುಹೋಗಿ ಬೇಸಲ್ ಏರಿಯಾ ಹೆಚ್ಚು ತೋರಿಸುತ್ತೆ. ಅಂಥದ್ದಕ್ಕೆ ಕ್ಯಾಲಿಪರ್‌ನಲ್ಲಿ ಎರಡು ದಿಕ್ಕು ಹಿಡಿದು ಸರಾಸರಿ ತೆಗೆಯಿರಿ.

ಇನ್ನು ಮರಿಗಿಡ. ಈ ಜಾತಿಗೆ ದಾಸ್ತಾನಿಗಿಂತ ಅದೇ ದೊಡ್ಡ ಪ್ರಶ್ನೆ. ಕಾಯಿ ಎರಡನೇ ವರ್ಷ ಬಲಿಯುತ್ತೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಕ್ಕುದಾರ ಕುಟುಂಬಗಳು ಬಾಯಿ ಬಿಡೋ ಮುಂಚೆಯೇ ಇಳಿಸಿಬಿಡ್ತಾರೆ, ನೆಲಕ್ಕೆ ಬೀಳೋ ಬೀಜ ತೀರಾ ಕಡಿಮೆ. ಹುಟ್ಟಿದ ಸಸಿಯೂ ಬಂಡೆ ಬಿರುಕಲ್ಲಿ, ಮುಳ್ಳುಪೊದೆಯ ಮರೆಯಲ್ಲಿ, ಆಡು ಕುರಿ ಬಾಯಿ ಹಾಕದ ಕಡೆ ಮಾತ್ರ ಉಳಿಯುತ್ತೆ. 2 ಮೀ. × 2 ಮೀ. ಚೌಕ ಒಂದೆರಡು ಹಾಕಿದರೆ ಎಲ್ಲಾ ಸೊನ್ನೆ ಬರುತ್ತೆ. ಒಂದರಲ್ಲಿ ಅಕಸ್ಮಾತ್ ನಾಲ್ಕು ಸಸಿ ಸಿಕ್ಕರೆ ಆ ಚೌಕಕ್ಕೆ ಹೆಕ್ಟೇರಿಗೆ 10,000! ಒಂದು ತಾಕಿಗೆ ಕನಿಷ್ಠ ಎಂಟು ಚೌಕ ಹಾಕಿ. ಎಷ್ಟು ಚೌಕದಲ್ಲಿ ಸಸಿ ಇತ್ತು ಅನ್ನೋ ಶೇಕಡಾವಾರು ಬೇರೆಯೇ ಬರೆಯಿರಿ. ಸರಾಸರಿಗಿಂತ ಆ ಅಂಕಿ ಹೆಚ್ಚು ನಿಜ ಹೇಳುತ್ತೆ.

ಕೊರೆಯೋ ಮುಂಚೆ ಇಲಾಖೆ ಅನುಮತಿ ಒಂದೇ ಸಾಲದು ಅನ್ನೋದು ನೆನಪಿರಲಿ. ಊರ ದೇವತೆಗೆ ಸೇರಿದ ಕಾಡು ಅಲ್ಲಿ ಬೇಕಾದಷ್ಟಿದೆ, ನಮ್ಮ ಕಡೆಯ ದೇವರಕಾಡಿನ ಹಾಗೇ. ಪಂಚಾಯಿತಿಯಲ್ಲಿ, ದೇವಸ್ಥಾನದ ಮುಖ್ಯಸ್ಥರಲ್ಲಿ ಕೇಳದೆ ಬೈರಿಗೆ ಎತ್ತಬೇಡಿ.

ಕಾನ್ಮನೆ:

ಮೇಡಂ, ಚಿಲ್ಗೋಜಾ ಕೊರೆದಾಗ ಬೈರಿಗೆಯೊಳಗೆ ಅಂಟು ಕಟ್ಟಿ ಕೋರ್ ತಿರುಚಿಕೊಂಡು ತುಂಡಾಗುತ್ತೆ. ಏನು ಮಾಡಬೇಕು? ಕೊರೆದ ತೂತಕ್ಕೆ ಮೇಣ ತುಂಬಬೇಕಾ?

ಶೋಲಾ:

ಬೈರಿಗೆಯ ಮೂತಿ ಮೊಂಡಾಗಿರಬಹುದು, ಮೊದಲು ಅದನ್ನು ನೋಡಿ. ಚೂಪಾಗಿದ್ದರೆ ತಿರುಚೋದು ಕಡಿಮೆ. ಬೈರಿಗೆಯ ತಿರುಪಿಗೆ ಜೇನುಮೇಣ ಸವರಿ, ಮೊದಲ ಒಂದೆರಡು ಸುತ್ತು ಅಲುಗಾಡಿಸದೆ ನೇರ ಒತ್ತಿ. ಚಮಚ (ಕೋರ್ ಹೊರತೆಗೆಯೋ ಉದ್ದನೆ ತಗಡು) ಒಳಗೆ ಪೂರ್ತಿ ತೂರಿಸಿ, ಬೈರಿಗೆಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಕೋರ್ ಬಿಡಿಸಿಕೊಂಡು ಎಳೆಯಿರಿ. ಎರಡು ಮೂರು ಮರಕ್ಕೊಮ್ಮೆ ಒಳಗೆ ಸ್ಪಿರಿಟ್ ಹಾಕಿ ಬಟ್ಟೆ ಓಡಿಸಿ, ಸಂಜೆ ಒರೆಸಿ ತೆಳ್ಳಗೆ ಎಣ್ಣೆ. ಕೋರ್ ನೋಡ್ತಾ ಕೂತು ಬೈರಿಗೆಯನ್ನು ಮರದಲ್ಲೇ ಬಿಟ್ಟರೆ ಅಂಟು ಬಿಗಿದು ಬಿಚ್ಚೋದೇ ಕಷ್ಟ.

ತೂತಕ್ಕೆ ಏನೂ ತುಂಬಬೇಡಿ. ಪೈನ್ ಜಾತಿ ತನ್ನ ಅಂಟಿನಿಂದಲೇ ಮುಚ್ಚಿಕೊಳ್ಳುತ್ತೆ.

ಘಟ್ಟದಕೆಳಗೆ:

ಘನ ಅಳತೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ವ್ಯಾಸ ಮಾತ್ರ ಕೇಳೋ ಸಮೀಕರಣದಲ್ಲಿ ಎತ್ತರ ಇಲ್ಲ ಅಂದುಕೊಳ್ಳಬೇಡಿ, ಬಚ್ಚಿಟ್ಟುಕೊಂಡಿದೆ. ಆ ಸಮೀಕರಣ ಕಟ್ಟಿದ ಕಾಡಿನಲ್ಲಿ 38 ಸೆಂ.ಮೀ. ದೇವದಾರು ಎಷ್ಟೆತ್ತರ ಇತ್ತೋ ಅದೇ ಎತ್ತರ ನಿಮ್ಮ ಮರಕ್ಕೂ ಸೇರಿಬಿಡುತ್ತೆ. ತೇವದ ಕಣಿವೆಯಲ್ಲಿ ಅದು 22 ಮೀ. ಇತ್ತು ಅಂತಿಟ್ಟುಕೊಳ್ಳಿ. ಆಕಾರಾಂಕ (ಕಾಂಡ ಮೇಲಕ್ಕೆ ಸಣ್ಣಗಾಗೋದಕ್ಕೆ ಹಿಡಿಯೋ ಗುಣಕ) 0.4 ಹಿಡಿದರೆ 0.1134 × 22 × 0.4 = 1.0 ಘ.ಮೀ. ನಿಮ್ಮ 14 ಮೀ. ಮರದಲ್ಲಿ ಇರೋದು 0.635. ಒಂದೂವರೆ ಪಟ್ಟಿಗಿಂತ ಜಾಸ್ತಿ ದಾಸ್ತಾನು ಕಾಗದದ ಮೇಲೆ ಹುಟ್ಟಿಕೊಳ್ತು. ಮಿಕ್ಕ ತಪ್ಪುಗಳೆಲ್ಲ ಸೇರಿದರೂ ಇಷ್ಟಾಗಲ್ಲ.

ಹಾಗಾಗಿ ವ್ಯಾಸ, ಎತ್ತರ ಎರಡನ್ನೂ ಕೇಳೋ ಸಮೀಕರಣ ಹಿಡಿಯಿರಿ. ಎಲ್ಲಾ ಮರದ ಎತ್ತರ ಬೇಕಿಲ್ಲ. ಪ್ರತಿ ಜಾತಿಗೆ 25–30 ಮರ, ಎಲ್ಲಾ ವ್ಯಾಸವರ್ಗದಿಂದ, ಉತ್ತರ ಮುಖ ದಕ್ಷಿಣ ಮುಖ ಬೇರೆ ಬೇರೆ. ವಕ್ರರೇಖೆ ಎಳೆದು ಉಳಿದವಕ್ಕೆ ಅದರಿಂದ ಎತ್ತರ ತುಂಬಿ. ಹಳೇ ದೇವದಾರಿನ ನೆತ್ತಿ ಚಪ್ಪಟೆ, ಹತ್ತಿರ ನಿಂತು ನೋಡಿದರೆ ಈಚೆ ಕೊಂಬೆಯ ಅಂಚೇ ತುದಿ ಅನ್ನಿಸಿ ಎತ್ತರ ಹೆಚ್ಚಾಗುತ್ತೆ. ಮರದ ಎತ್ತರದಷ್ಟಾದರೂ ದೂರ ನಿಲ್ಲಿ. ಶಬ್ದತರಂಗದಿಂದ ಎತ್ತರ ಅಳೆಯೋ ವರ್ಟೆಕ್ಸ್ ಉಪಕರಣ ಬಳಸೋರು ಅದನ್ನು ಜಾಕೆಟ್ ಜೇಬಿಂದ ತೆಗೆದ ತಕ್ಷಣ ಅಳೆಯಬೇಡಿ. ಬೆಚ್ಚಗಿನ 25 ಡಿಗ್ರಿಯಿಂದ ಸೊನ್ನೆ ಡಿಗ್ರಿಗೆ ಬಂದರೆ ಶಬ್ದದ ವೇಗದಲ್ಲೇ ಶೇ. 4 ವ್ಯತ್ಯಾಸ. ಹೊರಗೆ ಕಾಲು ಗಂಟೆ ತಣಿಯೋಕೆ ಬಿಟ್ಟು, 10 ಮೀ. ಟೇಪು ಹಿಡಿದು ಸರಿಮಾಡಿಕೊಳ್ಳಿ.

ದೇವದಾರಿನ ಇಳುವರಿ ಪಟ್ಟಿಯನ್ನು (ವಯಸ್ಸಿಗೆ ತಕ್ಕಂತೆ ಎಷ್ಟು ಮರ ಸಿಗುತ್ತೆ ಅನ್ನೋ ಕೋಷ್ಟಕ) ಇಲ್ಲಿಗೆ ಹಚ್ಚಲೇಬೇಡಿ. ಅದು ಸಮವಯಸ್ಸಿನ, ತುಂಬಿ ನಿಂತ ಕಾಡಿಗೆ ಮಾಡಿದ್ದು.

ತಾಕು_ಲೆಕ್ಕಿಗ:

ಒಂದು ಮೂಲ ಪ್ರಶ್ನೆ. ಹಿಮಾಚಲದಲ್ಲಿ ಹಸಿ ಮರ ಕಡಿಯೋದು ಬಹುತೇಕ ನಿಂತಿರೋವಾಗ ಬೆಳವಣಿಗೆ ಇಷ್ಟು ನಾಜೂಕಾಗಿ ಅಳೆದು ಏನು ಉಪಯೋಗ? ದಾಸ್ತಾನು ಸಾಲದಾ?

ಘಟ್ಟದಕೆಳಗೆ:

1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಒಪ್ಪಿಗೆ ಪಡೆದ ವರ್ಕಿಂಗ್ ಪ್ಲಾನ್ (ಕಾಡು ನಿರ್ವಹಣೆಯ ಯೋಜನೆ) ಇಲ್ಲದೆ ಕಾಡಲ್ಲಿ ಕಡಿತ ಇಲ್ಲ. ಪ್ಲಾನ್ ಬರೆಯೋ ಸಂಹಿತೆ (2014ರದ್ದು, 2023ರಲ್ಲಿ ಪರಿಷ್ಕೃತ) ದಾಸ್ತಾನಿನ ಜೊತೆ ಬೆಳವಣಿಗೆಯನ್ನೂ ಕೇಳುತ್ತೆ. ಅಲ್ಲದೆ ಅಲ್ಲಿನ ಹಕ್ಕುದಾರರಿಗೆ ಮನೆ ಕಟ್ಟೋಕೆ ಮರ ಕೊಡೋ ಪದ್ಧತಿ ಈಗಲೂ ಇದೆ. ಒಂದು ವರ್ಗ ದಾಟೋಕೆ 69 ವರ್ಷ ಬೇಕಾದ ಕಾಡಲ್ಲಿ ವರ್ಷಕ್ಕೆ ಎಷ್ಟು ಕೊಡಬಹುದು ಅನ್ನೋದು ದಾಸ್ತಾನು ನೋಡಿದರೆ ಗೊತ್ತಾಗಲ್ಲ. ಮರಗಳು ದಪ್ಪಗಿವೆ ಅಂದ ಮಾತ್ರಕ್ಕೆ ಬೆಳೀತಿವೆ ಅಂತಲ್ಲ.

ಉಂಗುರಲೆಕ್ಕ:

ಅದಕ್ಕೊಂದು ಎಚ್ಚರಿಕೆ ಸೇರಿಸ್ತೀನಿ. ಕೋರ್ ಸಿಗೋದು ಬದುಕಿರೋ ಮರದಿಂದ. ನಿಧಾನಕ್ಕೆ ಸೊರಗಿ ಸತ್ತವು ಲೆಕ್ಕಕ್ಕೇ ಬರಲ್ಲ. ಹಾಗಾಗಿ ಕೋರ್‌ನಿಂದ ತೆಗೆದ ಬೆಳವಣಿಗೆಯನ್ನು ಇಡೀ ಕಾಡಿಗೆ ಗುಣಿಸಿದರೆ ಯಾವಾಗಲೂ ಹೆಚ್ಚೇ. ತಾಕಿನಲ್ಲಿ ನಿಂತೇ ಒಣಗಿದ ಮರ, ಇತ್ತೀಚೆಗೆ ಬಿದ್ದದ್ದು, ಎರಡನ್ನೂ ಡಿಬಿಎಚ್ ಸಮೇತ ಬೇರೆ ಕಾಲಂನಲ್ಲಿ ಬರೆಯಿರಿ. ಕೋರ್ ತೆಗೆಯೋ ಮರವನ್ನು ಕಣ್ಣಿಗೆ ಚಂದ ಕಂಡದ್ದು ಅಂತ ಆರಿಸದೆ, ಪ್ರತಿ ವ್ಯಾಸವರ್ಗಕ್ಕೆ ಐದಾರು ಮರ ಚೀಟಿ ಎತ್ತಿ ಆರಿಸಿ.

ಶಾಶ್ವತ ತಾಕು ಮಾಡಿ ಮತ್ತೆ ಅಳೆಯೋದು ಎಲ್ಲಕ್ಕಿಂತ ಒಳ್ಳೇದು. ಆದರೆ ಐದು ವರ್ಷಕ್ಕೆ ಹೋದರೆ ಈ ಮರ ಬೆಳೆದಿರೋದು 7 ಮಿ.ಮೀ. ಟೇಪು ಸ್ವಲ್ಪ ಮೇಲೆ ಕೆಳಗೆ ಆದರೇ 2–3 ಮಿ.ಮೀ. ಆಚೀಚೆ. ಇಲ್ಲಿ ಹತ್ತು ವರ್ಷದ ಅಂತರ ಬೇಕು. ಅಳೆದ ಜಾಗಕ್ಕೆ ಬಣ್ಣದ ಪಟ್ಟಿ ಬೇಕು. ಹೋಗೋದು ಅದೇ ತಿಂಗಳಲ್ಲಿ, ಯಾಕೆಂದರೆ ಒಣ ಹವೆಗೆ ತೊಗಟೆ ಕುಗ್ಗುತ್ತೆ, ಹಿಮ ಕರಗಿದಾಗ ಉಬ್ಬುತ್ತೆ.

ಮೇಲ್ನೋಟ:

ಉಪಗ್ರಹದಿಂದ ಮಾಡಿಬಿಡೋಣ ಅನ್ನೋರಿಗೆ ಒಂದೇ ಮಾತು. ಬಾಹ್ಯಾಕಾಶದಿಂದ ಮರದ ಎತ್ತರ ಅಳೆಯೋ ಜೆಡೈ (GEDI) ಲೇಸರ್‌ನ ಒಂದು ಹೆಜ್ಜೆಗುರುತು, ಅಂದರೆ ನೆಲದ ಮೇಲೆ ಬೀಳೋ ಬೆಳಕಿನ ವೃತ್ತ, ಸುಮಾರು 25 ಮೀ. ಅಗಲ. 35 ಡಿಗ್ರಿ ಇಳಿಜಾರಲ್ಲಿ ಆ 25 ಮೀ. ಒಳಗೇ ನೆಲ 17.5 ಮೀ. ಏರಿಳಿಯುತ್ತೆ. 14 ಮೀ. ಮರ ಯಾವುದು, ನೆಲ ಯಾವುದು? ಇನ್ನು ಭಾರತೀಯ ಅರಣ್ಯ ಸರ್ವೇಕ್ಷಣೆಯ ವರ್ಗೀಕರಣದಲ್ಲಿ ನೆತ್ತಿಯ ಹೊದಿಕೆ ಶೇ. 10ಕ್ಕಿಂತ ಕಡಿಮೆಯಾದರೆ ಕುರುಚಲು. ವಿರಳ ಚಿಲ್ಗೋಜಾ ಮರಗಳು ನಿಂತ ಗುಡ್ಡ ನಕ್ಷೆಯಲ್ಲಿ ಕುರುಚಲಾಗಿಬಿಡಬಹುದು.

ತಾಕು_ಲೆಕ್ಕಿಗ:

ಒಟ್ಟು ಎಷ್ಟು ತಾಕು ಹಾಕ್ತಿದ್ದೀರಿ? ಒಣ ಬೆಟ್ಟದಲ್ಲಿ ಒಂದು ತಾಕಿಗೂ ಇನ್ನೊಂದಕ್ಕೂ ಅಜಗಜಾಂತರ. ವ್ಯತ್ಯಯಾಂಕ (ತಾಕುಗಳ ಅಂಕಿ ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಶೇಕಡಾವಾರು) ಶೇ. 60 ಇದ್ದು ಶೇ. 10ರೊಳಗೆ ತಪ್ಪು ಬೇಕಾದರೆ (2 × 60 ÷ 10)ರ ವರ್ಗ, 144 ತಾಕು. ಮುಖ, ಎತ್ತರದ ಪ್ರಕಾರ ಕಾಡನ್ನು ಮೊದಲೇ ವಿಂಗಡಿಸಿ ಒಳಗಿನ ವ್ಯತ್ಯಯವನ್ನು ಶೇ. 40ಕ್ಕೆ ಇಳಿಸಿದರೆ 64 ಸಾಕು. ವಿಂಗಡಣೆಗೆ ಒಂದು ದಿನ ನಕ್ಷೆ ಮುಂದೆ ಕೂತರೆ 80 ತಾಕಿನ ಹತ್ತಾಟ ಉಳಿಯುತ್ತೆ.

ಕಾನ್ಮನೆ:

ಸದ್ಯಕ್ಕೆ 40 ಅಂದುಕೊಂಡಿದ್ದು. ಮೊದಲ 10ರ ವ್ಯತ್ಯಯಾಂಕ ತೆಗೆದು ಹೇಳ್ತೀನಿ.

ಬೆಟ್ಟಬೇಣ:

ಎಲ್ಲರೂ ಕ್ಷಮಿಸಿ, ಮೊದಲ ಹಾಳೆಗೇ ವಾಪಸ್ ಬರ್ತೀನಿ. ಮರ 7ರ ಎತ್ತರ: 20 ಮೀ. ದೂರ, +62, −8, ಉತ್ತರ 14.0. ಇದು ಸರಿಯಾಗೋದು 62, 8 ಶೇಕಡಾ ಆಗಿದ್ದರೆ ಮಾತ್ರ: 20 × 0.70 = 14. ಡಿಗ್ರಿ ಆಗಿದ್ದರೆ ಮರ 40 ಮೀ. ದಾಟ್ತಿತ್ತು. ಅಂದರೆ ತಮ್ಮಾ, ನೀನು ಕ್ಲಿನೋಮೀಟರ್‌ನ ಶೇಕಡಾ ಸಾಲು ಓದಿದ್ದೀಯ. ಹಾಗಿದ್ದರೆ ಅದೇ ಹಾಳೆಯ "ಇಳಿಜಾರು 35" ಕೂಡ ಶೇಕಡಾ ಅಲ್ಲವಾ? ಅಳತೆಯ ಮಾನ ಎಲ್ಲೂ ಬರೆದಿಲ್ಲ. ಸುಂಟೋ ಕಂಪನಿಯ ಕ್ಲಿನೋಮೀಟರ್‌ನಲ್ಲಿ ಎರಡೂ ಸಾಲು ಅಕ್ಕಪಕ್ಕ ಇರುತ್ತೆ. ಒಂದರಲ್ಲಿ 45 ಇದ್ದಾಗ ಪಕ್ಕದಲ್ಲಿ 100 ಕಂಡರೆ 45ರ ಸಾಲು ಡಿಗ್ರಿ.

ಕಾನ್ಮನೆ:

ಈಗ ಉಪಕರಣ ತೆಗೆದು ನೋಡಿದೆ ಸರ್. ಓದಿದ್ದು ಬಲಗಡೆ ಸಾಲು, ಶೇಕಡಾ. ಇಳಿಜಾರೂ ಅದರಲ್ಲೇ. ತ್ರಿಜ್ಯದ ಪಟ್ಟಿ ಮಾತ್ರ ಡಿಗ್ರಿಯದ್ದು. ಹತ್ತೂ ತಾಕು ಮತ್ತೆ ಹಾಕಬೇಕಾ?

ಬೆಟ್ಟಬೇಣ:

ಬೇಡ. ತಾಕಿನ ಗಾತ್ರ ತಪ್ಪಾಗಿದೆ, ಆದರೆ ಎಷ್ಟು ಅಂತ ಗೊತ್ತಿದೆಯಲ್ಲ. ಶೇ. 35 ಅಂದರೆ 19.3 ಡಿಗ್ರಿ, ಕಾಸ್ 0.944. ನೆಲದ ಮೇಲೆ 19.71 ಮೀ. ತ್ರಿಜ್ಯದ ವೃತ್ತ 1,220 ಚ.ಮೀ., ಅದನ್ನು 0.944ರಿಂದ ಗುಣಿಸಿದರೆ ಸಮತಟ್ಟಿನಲ್ಲಿ 1,152 ಚ.ಮೀ. ನಿನ್ನ ತಾಕು 0.1 ಅಲ್ಲ, 0.1152 ಹೆಕ್ಟೇರ್. 31 ಮರವನ್ನು 10ರಿಂದ ಗುಣಿಸಬೇಡ, 8.68ರಿಂದ ಗುಣಿಸು. ಹೆಕ್ಟೇರಿಗೆ 269. ಬೇಸಲ್ ಏರಿಯಾ, ಘನ ಅಳತೆಗೂ ಇದೇ ಗುಣಕ. ಪ್ರತಿ ತಾಕಿನ ಇಳಿಜಾರು ಬೇರೆ, ಗುಣಕವೂ ಬೇರೆ, ಒಂದೊಂದಾಗಿ ಹಾಕು.

ಸಸಿ ಚೌಕಗಳಿಗೆ ಇಳಿಜಾರು ಸರಿಮಾಡಿದ್ದೆಯಾ, ಇಲ್ಲವಾ?

ಕಾನ್ಮನೆ:

ಇಲ್ಲ ಸರ್, ಚೌಕ ನೆಲದ ಮೇಲೆ 2 × 2 ನೇರ ಹಾಕಿದ್ದು.

ಬೆಟ್ಟಬೇಣ:

ಹಾಗಾದರೆ ಅದನ್ನು 4 ಚ.ಮೀ. ಅನ್ನಬೇಡ, 4 × 0.944 = 3.78 ಹಿಡಿ. ಹಾಳೆಯ ಇಳಿಜಾರು ಕಾಲಂ ತಲೆಬರಹದಲ್ಲಿ "ಶೇ." ಅಂತ ಇವತ್ತೇ ಪೆನ್ನಲ್ಲಿ ಬರೆದುಬಿಡು.